ಸ್ಟಕ್ಸ್‌ನೆಟ್ ಓದಲು ಕಟ್ಟಿದ ಬೆಂಚು: ತುಮಕೂರಿನಿಂದ ಕೆಲಸದ ಟಿಪ್ಪಣಿ

ಮಾಲ್‌ವೇರ್ (ಹಾನಿ ಮಾಡಲೆಂದೇ ಬರೆದ ಸಾಫ್ಟ್‌ವೇರ್) ಕೈಗೆ ಸಿಕ್ಕ ಕೂಡಲೇ ಎಲ್ಲರೂ ಕೇಳುವುದು "ಇದನ್ನು ಬರೆದವರು ಯಾರು" ಎಂದು. ಆ ಪ್ರಶ್ನೆಗೆ ಕೋಡ್ ಕೊಡುವ ಉತ್ತರ ಬಹಳ ದುರ್ಬಲ. "ಇದು ಯಾವ ಯಂತ್ರಕ್ಕಾಗಿ ಕಾದು ಕೂತಿದೆ" ಎಂದು ಕೇಳಿದರೆ ಅದೇ ಕೋಡ್ ಬೈಟು ಬೈಟಿನ ಲೆಕ್ಕ ಒಪ್ಪಿಸುತ್ತದೆ. ಈ ಬೆಂಚು ಕಟ್ಟಿದ್ದು ಎರಡನೆಯ ಪ್ರಶ್ನೆಗಾಗಿ. ಮೊದಲನೆಯದಕ್ಕೆ ಎಷ್ಟು ಉತ್ತರ ಸಿಗುತ್ತದೆ, ಎಷ್ಟನ್ನು ನಂಬಬಹುದು ಎಂಬುದು ಕೊನೆಯಲ್ಲಿ ಬರುತ್ತದೆ.

ಆರಿಸಿಕೊಂಡ ಸ್ಯಾಂಪಲ್ ಸ್ಟಕ್ಸ್‌ನೆಟ್, ಕಾರ್ಖಾನೆಯ ಯಂತ್ರಗಳನ್ನು ಕೆಡಿಸಲು ಬರೆದ, ತಾನಾಗಿ ಹರಡುವ ಹುಳು. 2010ರ ಜೂನ್‌ನಲ್ಲಿ ಬೆಲಾರೂಸ್‌ನ ವೈರಸ್‌ಬ್ಲಾಕ್‌ಅಡಾ ಸಂಸ್ಥೆ ಇದನ್ನು ಮೊದಲು ಗುರುತಿಸಿತು. ಸಿಮ್ಯಾಂಟೆಕ್‌ನ ನಿಕೋಲಸ್ ಫಾಲಿಯರ್, ಲಿಯಾಮ್ ಓ ಮುರ್ಚು, ಎರಿಕ್ ಚಿಯೆನ್ ಮತ್ತು ಜರ್ಮನಿಯ ರಾಲ್ಫ್ ಲಾಂಗ್ನರ್ ಇದನ್ನು ಬಿಚ್ಚಿ ವಿವರವಾಗಿ ಬರೆದಿದ್ದಾರೆ. ಹಾಗಾಗಿ ಕಲಿಯುವವರು ತಾವು ಕಂಡದ್ದನ್ನು ಸರಿಯೋ ತಪ್ಪೋ ಎಂದು ತಾಳೆ ನೋಡಬಹುದು. ಹೊಸ ಮಾಲ್‌ವೇರ್‌ನಲ್ಲಿ ಆ ಅನುಕೂಲವಿಲ್ಲ. ಇನ್ನೊಂದು ಕಾರಣ ಊರಿನದು. ವಸಂತನರಸಾಪುರ, ಅಂತರಸನಹಳ್ಳಿ ಕಡೆ ಮೆಂಟೆನೆನ್ಸ್ ಕೆಲಸ ಮಾಡುವವರಿಗೆ ಪಿಎಲ್‌ಸಿ (ಕಾರ್ಖಾನೆಯ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಹೊಸದಲ್ಲ, ಮಾಲ್‌ವೇರ್ ಓದುವುದು ಹೊಸದು. ಸ್ಟಕ್ಸ್‌ನೆಟ್‌ನ ತಿರುಳು ಇರುವುದೇ ಪಿಎಲ್‌ಸಿ ಬದಿಯಲ್ಲಿ. ಅದನ್ನು ಓದಲು ಕಂಪ್ಯೂಟರ್ ಪಂಡಿತರಿಗಿಂತ ಪ್ಯಾನೆಲ್ ಮುಂದೆ ನಿಂತು ಕೆಲಸ ಮಾಡಿದವರೇ ಮೇಲು. ಇದು ಹೊಗಳಿಕೆಯ ಮಾತಲ್ಲ, ಆಧಾರ ಮುಂದೆ ಇದೆ.

ಎರಡು ಮೇಜು, ನಡುವೆ ತಂತಿ ಇಲ್ಲ

ಬೆಂಚು ಎರಡು ಭಾಗ. ಒಂದು ಮೇಜಿನ ಮೇಲೆ ಜೀವಂತ ಸ್ಯಾಂಪಲ್ ಓಡುವ ಪಿಸಿ. ಇನ್ನೊಂದರ ಮೇಲೆ ಪಿಎಲ್‌ಸಿ ಮತ್ತು ಅದಕ್ಕೇ ಮೀಸಲಾದ ಲ್ಯಾಪ್‌ಟಾಪ್. ಇವೆರಡರ ನಡುವೆ ಕೇಬಲ್, ವೈಫೈ, ಪೆನ್‌ಡ್ರೈವ್ ಯಾವುದೂ ಓಡಾಡಬಾರದು. "ಒಂದೇ ಒಂದು ಸಲ ಜೋಡಿಸಿ ನೋಡೋಣ" ಎಂಬ ಆಸೆ ಬಂದೇ ಬರುತ್ತದೆ. ಜೋಡಿಸಿದರೂ ಏನೂ ಕಾಣುವುದಿಲ್ಲ. ಯಾಕೆ ಎಂಬುದು ಕೋಡ್‌ನಲ್ಲೇ ಬರೆದಿದೆ, ಕೆಳಗೆ ಬರುತ್ತದೆ.

ಸ್ಯಾಂಪಲ್ ಒಳಗೆ ಹೋಗುವುದು ಒಂದೇ ಸಲ ಬರೆಯಲಾಗುವ ಸಿಡಿ-ಆರ್ ಮೂಲಕ. ಬರೆದ ಮೇಲೆ ಸೆಷನ್ ಮುಚ್ಚಬೇಕು. ಫೈಲನ್ನು ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲಿಟ್ಟು, ಹೆಸರಿನ ಕೊನೆಯಲ್ಲಿ ಒಂದು ಅಡಿಗೆರೆ ಸೇರಿಸಿದರೆ ಕೈತಪ್ಪಿ ಡಬಲ್ ಕ್ಲಿಕ್ ಆದರೂ ಓಡುವುದಿಲ್ಲ. ಎಸ್‌ಎಚ್‌ಎ-256 ಮೊತ್ತವನ್ನು (ಹ್ಯಾಷ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಸಿಡಿಯ ಮೇಲೆಯೇ ಮಾರ್ಕರ್‌ನಲ್ಲಿ ಬರೆಯಿರಿ. ಹೊರಗೆ ಬರುವುದು ಕಾಗದದ ಮೇಲೆ ಬರೆದ ಟಿಪ್ಪಣಿ ಮಾತ್ರ. ನಿಧಾನ ನಿಜ, ಆದರೆ ಪೆನ್‌ಡ್ರೈವ್‌ನಲ್ಲಿ ಹರಡಲೆಂದೇ ಹುಟ್ಟಿದ ಹುಳುವಿನ ಜೊತೆ ಕೆಲಸ ಮಾಡುವಾಗ ಬೇರೆ ದಾರಿ ಇಟ್ಟುಕೊಳ್ಳಬಾರದು.

ಪಿಎಲ್‌ಸಿ ಮೇಜು

ಬೇಕಾದ ಸಾಮಾನು: ಸೀಮೆನ್ಸ್ ಎಸ್7-300 ಸಾಲಿನ ಸಿಪಿಯು 315-2 ಪಿಎನ್/ಡಿಪಿ, ಅದರ ಮೈಕ್ರೋ ಮೆಮೊರಿ ಕಾರ್ಡ್, 24 ವೋಲ್ಟ್ 5 ಆಂಪಿಯರ್ ಡಿಸಿ ಸಪ್ಲೈ, ಎಸ್‌ಎಂ 322 ಔಟ್‌ಪುಟ್ ಮಾಡ್ಯೂಲ್ 16 ಬಿಂದುವಿನದು, 20 ಪಿನ್ನಿನ ಫ್ರಂಟ್ ಕನೆಕ್ಟರ್, ಮೌಂಟಿಂಗ್ ರೈಲು, ಹಿಂಬದಿಯ ಬಸ್ ಕನೆಕ್ಟರ್, 24 ವೋಲ್ಟ್‌ನ ಒಂದು ಪ್ಯಾನೆಲ್ ದೀಪ. ಇವೆಲ್ಲ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಹಳೆಯ ಪ್ಯಾನೆಲ್ ಬಿಚ್ಚಿ ಮಾರುವವರ ಬಳಿಯೋ ಹುಡುಕಬಹುದು. ಕೊಳ್ಳುವಾಗ ಆರ್ಡರ್ ನಂಬರ್ ನೋಡಿ: 6ಇಎಸ್7 315-2 ಎಂದು ಶುರುವಾಗಬೇಕು. ಈ ಅಂಕಿ ಮುಖ್ಯ, ಸ್ಟಕ್ಸ್‌ನೆಟ್ ಹುಡುಕುವ ಎರಡು ಸಿಪಿಯು ಜಾತಿಗಳಲ್ಲಿ ಇದೊಂದು, ಇನ್ನೊಂದು 6ಇಎಸ್7 417. ಪಿಎನ್ ಇರುವ ಮಾದರಿಯನ್ನೇ ಕೇಳಿ. ಅದರಲ್ಲಿ ಈಥರ್‌ನೆಟ್ ಪೋರ್ಟ್ ಇರುವುದರಿಂದ ಸೀಮೆನ್ಸ್ ಸಾಫ್ಟ್‌ವೇರ್ ಇಲ್ಲದೆಯೂ ಬ್ಲಾಕ್ (ಪಿಎಲ್‌ಸಿ ಪ್ರೋಗ್ರಾಂನ ತುಂಡು) ಓದಬಹುದು. ಬರೀ ಡಿಪಿ ಮಾದರಿಯಾದರೆ ಬೇರೆ ಸಂವಹನ ಮಾಡ್ಯೂಲ್ ಕೊಳ್ಳಬೇಕಾಗುತ್ತದೆ.

ಇಲ್ಲಿ ಕೆಡುವುದು ಹೆಚ್ಚಾಗಿ ಮೆಮೊರಿ ಕಾರ್ಡ್. ಈ ಸಿಪಿಯುಗೆ ಒಳಗಿನ ಲೋಡ್ ಮೆಮೊರಿ ಇಲ್ಲ, ಕಾರ್ಡ್ ಇಲ್ಲದೆ ಪ್ರೋಗ್ರಾಂ ಕೂರುವುದೇ ಇಲ್ಲ. ಕಾರ್ಡು ನೋಡಲು ಕ್ಯಾಮೆರಾ ಕಾರ್ಡಿನ ಹಾಗೇ ಇರುತ್ತದೆ. ರೀಡರ್‌ಗೆ ಹಾಕಿದರೆ ವಿಂಡೋಸ್ "ಫಾರ್ಮ್ಯಾಟ್ ಮಾಡಲೇ" ಎಂದು ಕೇಳುತ್ತದೆ. ಹೂಂ ಎಂದರೆ ಕಾರ್ಡ್ ಸತ್ತಂತೆಯೇ. ಸೀಮೆನ್ಸ್‌ನ ಒಳರಚನೆ ಅಳಿಸಿಹೋಗಿ ಸಿಪಿಯು ಅದನ್ನು ಮತ್ತೆ ಗುರುತಿಸುವುದಿಲ್ಲ. ಸಿಪಿಯು ಬರೆಯುತ್ತಿರುವಾಗ ಕಾರ್ಡ್ ಎಳೆದರೂ ಇದೇ ಗತಿ.

ಔಟ್‌ಪುಟ್ ಮಾಡ್ಯೂಲ್‌ನಲ್ಲಿ 1 ಮತ್ತು 11ನೇ ಪಿನ್ನಿಗೆ 24 ವೋಲ್ಟ್ ಪ್ಲಸ್, 10 ಮತ್ತು 20ನೇ ಪಿನ್ನಿಗೆ ಮೈನಸ್. ಬಹಳ ಜನ 1 ಮತ್ತು 10ಕ್ಕೆ ಮಾತ್ರ ಕೊಟ್ಟು ಬಿಡುತ್ತಾರೆ. ಮೊದಲ 8 ಬಿಂದು ಕೆಲಸ ಮಾಡುತ್ತವೆ, ಉಳಿದ 8 ಮಾಡುವುದಿಲ್ಲ, ತಪ್ಪು ಪ್ರೋಗ್ರಾಂನಲ್ಲಿದೆ ಎಂದು ಹುಡುಕುತ್ತಾ ಕೂರುತ್ತಾರೆ. ದೀಪವನ್ನು 2ನೇ ಪಿನ್ನಿಗೆ ಕಟ್ಟಿ, ಮಾಡ್ಯೂಲನ್ನು 4ನೇ ಸ್ಲಾಟ್‌ನಲ್ಲಿ ಇಟ್ಟರೆ ವಿಳಾಸ ಕ್ಯೂ0.0.

ಹಳೆಯ ಸಿಪಿಯುನಲ್ಲಿ ಹಿಂದಿನ ಮಾಲೀಕರ ಪ್ರೋಗ್ರಾಂ ಇರಬಹುದು. ಅಳಿಸುವ ಕ್ರಮ: ಸ್ವಿಚ್ಚನ್ನು ಎಂಆರ್‌ಇಎಸ್ (ಮೆಮೊರಿ ರೀಸೆಟ್) ಕಡೆ ಒತ್ತಿ ಹಿಡಿಯಿರಿ, ಸ್ಟಾಪ್ ದೀಪ ಎರಡನೆಯ ಸಲ ಹತ್ತಿ ನಿಂತಾಗ ಬಿಡಿ, 3 ಸೆಕೆಂಡಿನೊಳಗೆ ಮತ್ತೆ ಒತ್ತಿ. ಸ್ಟಾಪ್ ದೀಪ ಬೇಗ ಬೇಗ ಮಿನುಗಿದರೆ ಮೆಮೊರಿ ತೆರವಾಗುತ್ತಿದೆ ಎಂದರ್ಥ. ಆದರೆ ಕಾರ್ಡ್‌ನಲ್ಲಿರುವುದು ಇದರಿಂದ ಹೋಗುವುದಿಲ್ಲ, ಅಲ್ಲಿಂದಲೇ ಮತ್ತೆ ಲೋಡ್ ಆಗುತ್ತದೆ. ಬ್ಲಾಕ್‌ಗಳನ್ನು ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಸೀಮೆನ್ಸ್ ಸಾಫ್ಟ್‌ವೇರ್ ಸ್ಟೆಪ್ 7ನಿಂದ ಪ್ರತ್ಯೇಕವಾಗಿ ಅಳಿಸಬೇಕು. ಸೋಂಕಾದ ಪಿಎಲ್‌ಸಿ ಶುಚಿ ಮಾಡುವಾಗಲೂ ಈ ಮಾತು ನೆನಪಿರಲಿ.

ಪಿಸಿ ಮೇಜು

16 ಜಿಬಿ ರ‍್ಯಾಮ್ ಇರುವ ಯಾವುದೇ ಡೆಸ್ಕ್‌ಟಾಪ್ ಸಾಕು. ಹೋಸ್ಟ್ ಲಿನಕ್ಸ್ ಆಗಿರಲಿ. ವೈಫೈ ಕಾರ್ಡನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡುವ ಬದಲು ಸ್ಕ್ರೂ ಬಿಚ್ಚಿ ಹೊರಗೆ ತೆಗೆಯಿರಿ. ಒಂದು ಪಿಸಿಯೊಳಗೆ ಬೇರೆ ಪಿಸಿ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಮಷಿನ್: 32 ಬಿಟ್‌ನ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3, 1 ಜಿಬಿ ರ‍್ಯಾಮ್, ಇನ್ನೊಂದು ಮಾಲ್‌ವೇರ್ ಓದಲೆಂದೇ ಸಿದ್ಧಪಡಿಸಿದ ಲಿನಕ್ಸ್ ಆದ ರೆಮ್‌ನಕ್ಸ್, ಅದರಲ್ಲಿ ಐನೆಟ್‌ಸಿಮ್ ಓಡಿಸಿ ಇಂಟರ್ನೆಟ್ ಇದ್ದಂತೆ ನಟಿಸುವುದು. ಎರಡನ್ನೂ "ಇಂಟರ್ನಲ್ ನೆಟ್‌ವರ್ಕ್"ನಲ್ಲಿಡಿ, "ಹೋಸ್ಟ್ ಓನ್ಲಿ" ಬೇಡ. ಹೋಸ್ಟ್ ಓನ್ಲಿಯಲ್ಲಿ ಹೋಸ್ಟ್ ಪಿಸಿಯೂ ಅದೇ ಬೀದಿಗೆ ಬರುತ್ತದೆ. ಶೇರ್ಡ್ ಫೋಲ್ಡರ್, ಕ್ಲಿಪ್‌ಬೋರ್ಡ್, ಡ್ರ್ಯಾಗ್ ಅಂಡ್ ಡ್ರಾಪ್ ಮೂರೂ ಬಂದ್.

ಎಕ್ಸ್‌ಪಿ ಮಷಿನ್ನಿನ ಗಡಿಯಾರ ಇಲ್ಲಿ ಅತಿ ಮುಖ್ಯ. ಸ್ಟಕ್ಸ್‌ನೆಟ್ 2012ರ ಜೂನ್ 24ರ ನಂತರ ಕೆಲಸ ಮಾಡದಂತೆ ಬರೆಯಲಾಗಿದೆ. ಇಂದಿನ ದಿನಾಂಕದಲ್ಲಿ ಓಡಿಸಿದರೆ ಸುಮ್ಮನೆ ಹೊರನಡೆಯುತ್ತದೆ, ಸ್ಯಾಂಪಲ್ ಕೆಟ್ಟಿದೆ ಎನ್ನಿಸುತ್ತದೆ. ಗಡಿಯಾರವನ್ನು 2010ರ ಏಪ್ರಿಲ್‌ಗೆ ತಿರುಗಿಸಿದರೂ ಮತ್ತೆ ಮುಂದಕ್ಕೆ ಹಾರಿದರೆ ಕಾರಣ ವರ್ಚುವಲ್‌ಬಾಕ್ಸ್‌ನ ಗೆಸ್ಟ್ ಅಡಿಷನ್ಸ್, ಅದು ಹೋಸ್ಟ್ ಗಡಿಯಾರದ ಜೊತೆ ಹೊಂದಿಸುತ್ತಲೇ ಇರುತ್ತದೆ. ಅದನ್ನು ಹಾಕಲೇಬೇಡಿ. ಹಾಕಿಯಾಗಿದ್ದರೆ ಗೆಟ್‌ಹೋಸ್ಟ್‌ಟೈಮ್‌ಡಿಸೇಬಲ್ಡ್ ಎಂಬ ಎಕ್ಸ್‌ಟ್ರಾಡೇಟಾ ಬೆಲೆಯನ್ನು 1 ಮಾಡಿ. ಬಯೋಸ್ ಟೈಮ್ ಆಫ್‌ಸೆಟ್ ಕೊಡುವುದು ಮಿಲಿಸೆಕೆಂಡಿನಲ್ಲಿ: ಹಿಂದೆ ಹೋಗಬೇಕಾದ ದಿನಗಳನ್ನು 8,64,00,000ರಿಂದ ಗುಣಿಸಿ, ಮುಂದೆ ಮೈನಸ್ ಹಾಕಿ.

ಗಡಿಯಾರ ಸರಿಯಿದ್ದೂ ಓಡದಿದ್ದರೆ ರಿಜಿಸ್ಟ್ರಿಯಲ್ಲಿ ಎಂಎಸ್-ಡಾಸ್ ಎಮ್ಯುಲೇಷನ್ ಎಂಬ ಕೀ ನೋಡಿ. ಅದರ ಎನ್‌ಟಿವಿಡಿಎಂ ಟ್ರೇಸ್ ಎಂಬ ಬೆಲೆ 19790509 ಆಗಿದ್ದರೆ ಸ್ಟಕ್ಸ್‌ನೆಟ್ ಆ ಮಷಿನ್ ಮುಟ್ಟುವುದಿಲ್ಲ. ಸ್ನ್ಯಾಪ್‌ಶಾಟ್ (ಮಷಿನ್ನಿನ ಉಳಿಸಿಟ್ಟ ಸ್ಥಿತಿ) ಬೆರಕೆಯಾದಾಗ ಇದು ಉಳಿದುಕೊಂಡಿರಬಹುದು.

ಯುಪಿಎಸ್ ಇಡಿ. ಸ್ನ್ಯಾಪ್‌ಶಾಟ್ ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ಡಿಸ್ಕ್ ಸರಪಳಿ ಕಡಿದು ಮೂಲ ಇಮೇಜ್‌ಗೇ ಮರಳಬೇಕಾಗುತ್ತದೆ. ಮೂಲ ಇಮೇಜಿನ ಒಂದು ನಕಲು ಬೇರೆ ಡಿಸ್ಕಿನಲ್ಲಿ ಇರಲೇಬೇಕು.

ಬಿಚ್ಚುವ ಕ್ರಮ

ಮೊದಲು ಓಡಿಸಬೇಡಿ, ಓದಿ. ಸ್ಯಾಂಪಲ್‌ನ ಡಬ್ಲ್ಯುಟಿಆರ್4132 ಎಂಬ ಟೆಂಪ್ ಫೈಲಿನಲ್ಲಿ "ಸ್ಟಬ್" ಎಂಬ ಹೆಸರಿನ ಸೆಕ್ಷನ್ ಇದೆ. ಮುಖ್ಯ ಡಿಎಲ್ಎಲ್ (ವಿಂಡೋಸ್ ಪ್ರೋಗ್ರಾಂಗಳು ಎತ್ತಿ ಬಳಸುವ ಕೋಡ್ ಫೈಲು) ಗೂಢಲಿಪಿಯಲ್ಲಿ ಅಡಗಿರುವುದು ಅದರೊಳಗೆ. ಹೊರತೆಗೆದ ಡಿಎಲ್ಎಲ್ ಯುಪಿಎಕ್ಸ್ ಎಂಬ ಸಾಧನದಿಂದ ಚಿಕ್ಕದಾಗಿ ಒತ್ತಿರುತ್ತದೆ. ಬಿಡಿಸಿ ಕೋಡ್ ಬಿಚ್ಚಿ ತೋರಿಸುವ ಘಿಡ್ರಾಕ್ಕೆ ಕೊಟ್ಟರೆ ಅಂಕಿಗಳಿಂದ ಗುರುತಿಸಿದ ಎಕ್ಸ್‌ಪೋರ್ಟ್‌ಗಳೂ (ಹೊರಗಿನಿಂದ ಕರೆಯಬಹುದಾದ ಫಂಕ್ಷನ್‌ಗಳು) ರಿಸೋರ್ಸ್‌ಗಳೂ (ಒಳಗೆ ಸೇರಿಸಿಟ್ಟ ತುಂಡುಗಳು) ಕಾಣುತ್ತವೆ. ನೂರಾರು ಫಂಕ್ಷನ್‌ಗಳಲ್ಲಿ ಕಳೆದುಹೋಗದಿರಲು ರಿಸೋರ್ಸ್‌ನಿಂದ ಶುರು ಮಾಡಿ: 221 ವಿಂಡೋಸ್‌ನ ಎಂಎಸ್08-067 ದೌರ್ಬಲ್ಯಕ್ಕೆ, 222 ಪ್ರಿಂಟ್ ಸ್ಪೂಲರ್‌ಗೆ, 240 ಶಾರ್ಟ್‌ಕಟ್ ಫೈಲಿನ ಅಚ್ಚು, 250 ಕರ್ನಲ್ ಮಟ್ಟದ ಅಧಿಕಾರ ಪಡೆಯಲು, 208 ಸ್ಟೆಪ್ 7ನ ಡಿಎಲ್ಎಲ್ ಬದಲಿ. ನಮಗೆ ಬೇಕಾದ್ದು 208.

ಓಡಿಸಿ ನೋಡುವಾಗ ಪ್ರೋಗ್ರಾಂ ನಿಲ್ಲಿಸಿ ನಿಲ್ಲಿಸಿ ನೋಡುವ ಡಿಬಗರ್‌ನಲ್ಲಿ, ಡಿಎಲ್ಎಲ್ ಎತ್ತಿಕೊಳ್ಳುವ ಲೋಡ್‌ಲೈಬ್ರರಿ ಫಂಕ್ಷನ್ ಮೇಲೆ ಬ್ರೇಕ್‌ಪಾಯಿಂಟ್ ಇಡಿ. ಕರ್ನಲ್32.ಡಿಎಲ್ಎಲ್.ಎಎಸ್‌ಎಲ್‌ಆರ್ ಎಂದು ಶುರುವಾಗಿ ಹೆಕ್ಸ್ ಅಂಕಿಯಲ್ಲಿ ಮುಗಿಯುವ ಹೆಸರು ಕೇಳಿಬಂದರೆ ಅಲ್ಲಿ ನಿಲ್ಲಿ. ಅಂಥ ಫೈಲು ಡಿಸ್ಕಿನಲ್ಲಿ ಇರುವುದೇ ಇಲ್ಲ. ವಿಂಡೋಸ್‌ನದೇ ಆದ ಎನ್‌ಟಿಡಿಎಲ್ಎಲ್‌ನ ಫಂಕ್ಷನ್‌ಗಳಿಗೆ ಮೊದಲೇ ಕೊಕ್ಕೆ ಹಾಕಿಟ್ಟು, ಆ ಹೆಸರು ಬಂದ ಕೂಡಲೇ ಮೆಮೊರಿಯಲ್ಲಿರುವ ಡಿಎಲ್ಎಲ್ ಎತ್ತಿಕೊಡುವ ಉಪಾಯ ಅದು. ಡಿಸ್ಕಿನಲ್ಲಿ ಫೈಲು ಹುಡುಕುತ್ತಾ ಹೊತ್ತು ಕಳೆಯಬೇಡಿ.

ನೆಟ್‌ವರ್ಕ್ ಬದಿಯಲ್ಲಿ ಐನೆಟ್‌ಸಿಮ್ ದಾಖಲೆಯಲ್ಲಿ ಮೊದಲು ವಿಂಡೋಸ್ ಅಪ್‌ಡೇಟ್ ಮತ್ತು ಎಂಎಸ್ಎನ್ ತಾಣಗಳಿಗೆ 80ನೇ ಪೋರ್ಟ್‌ನಲ್ಲಿ ವಿಚಾರಣೆ ಕಾಣುತ್ತದೆ, ಇಂಟರ್ನೆಟ್ ಇದೆಯೇ ಎಂದು ನೋಡಲು. ಉತ್ತರ ಬಂದರೆ ಮಾತ್ರ ಮೈಪ್ರೀಮಿಯರ್‌ಫುಟ್‌ಬೋಲ್, ಟುಡೇಸ್‌ಫುಟ್‌ಬೋಲ್ ಎಂಬ ಎರಡು ತಾಣಗಳ ಕಡೆ ತಿರುಗುತ್ತದೆ. ಐನೆಟ್‌ಸಿಮ್ ಉತ್ತರಿಸದಿದ್ದರೆ ಈ ಎರಡನೇ ಹಂತ ಕಾಣುವುದೇ ಇಲ್ಲ.

ಪೆನ್‌ಡ್ರೈವ್ ಹಂತ ನೋಡಬೇಕೆಂದರೆ ಕೆಂಪು ಪೇಂಟ್ ಬಳಿದ ಹಳೆಯದೊಂದನ್ನು ಬಳಸಿ, ಕೆಲಸ ಮುಗಿದ ದಿನವೇ ಸುತ್ತಿಗೆಯಿಂದ ಒಡೆಯಿರಿ. ಖಾಲಿ ಡ್ರೈವ್‌ಗೆ ಇದು ಅಂಟುವುದಿಲ್ಲ, ಕೆಲವಾದರೂ ಫೈಲು ಇರಬೇಕು. ಸೋಂಕಾದ ಎಕ್ಸ್‌ಪಿಯಲ್ಲಿ ಡ್ರೈವ್ ತೆರೆದರೆ ಹೊಸದೇನೂ ಕಾಣದು, ರೂಟ್‌ಕಿಟ್ ಡ್ರೈವರ್ ಮರೆಮಾಡುತ್ತದೆ. ಯಾವುದನ್ನು ಮರೆಮಾಡಬೇಕು ಎಂಬ ಅದರ ನಿಯಮ ಓದಲು ಚೆಂದ: 4,171 ಬೈಟ್ ಗಾತ್ರದ ಶಾರ್ಟ್‌ಕಟ್ ಫೈಲು, ಮತ್ತು ಡಬ್ಲ್ಯುಟಿಆರ್ ನಂತರದ ನಾಲ್ಕು ಅಂಕಿಗಳ ಮೊತ್ತ 10ರಿಂದ ಶೇಷವಿಲ್ಲದೆ ಭಾಗವಾಗುವ ಟೆಂಪ್ ಫೈಲು. 4132 ಕೂಡಿಸಿ ನೋಡಿ, 10. 4141 ಕೂಡ 10. ಅದೇ ಡ್ರೈವನ್ನು ಲಿನಕ್ಸ್‌ನಲ್ಲಿ ಓದಲು ಮಾತ್ರ ಎಂದು ಮೌಂಟ್ ಮಾಡಿದರೆ ಆರೂ ಫೈಲು ಕಣ್ಣೆದುರಿಗಿರುತ್ತವೆ: ನಾಲ್ಕು ಶಾರ್ಟ್‌ಕಟ್, ಎರಡು ಟೆಂಪ್.

208ರೊಳಗೆ

ಸ್ಟೆಪ್ 7 ಪಿಎಲ್‌ಸಿ ಜೊತೆ ಮಾತಾಡುವುದು ಎಸ್7ಒಟಿಬಿಎಕ್ಸ್‌ಡಿಎಕ್ಸ್ ಎಂಬ ಡಿಎಲ್ಎಲ್ ಮೂಲಕ. ಸ್ಟಕ್ಸ್‌ನೆಟ್ ಅದರ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಎಸ್7ಒಟಿಬಿಎಕ್ಸ್‌ಎಸ್‌ಎಕ್ಸ್ ಮಾಡಿ ಪಕ್ಕಕ್ಕಿಟ್ಟು, ಹಳೆಯ ಹೆಸರಿನಲ್ಲಿ ತಾನು ಕೂರುತ್ತದೆ. ಅಸಲಿ ಡಿಎಲ್ಎಲ್‌ನ 109 ಎಕ್ಸ್‌ಪೋರ್ಟ್‌ಗಳಲ್ಲಿ 93ನ್ನು ಹಾಗೇ ಅಸಲಿಗೆ ದಾಟಿಸುತ್ತದೆ. ಉಳಿದ 16ರಲ್ಲಿ ಕೈಯಾಡಿಸುತ್ತದೆ. ಆ 16 ಯಾವುವೆಂದರೆ ಬ್ಲಾಕ್ ಓದುವುದು, ಬರೆಯುವುದು, ಪಟ್ಟಿ ಮಾಡುವುದಕ್ಕೆ ಸಂಬಂಧಿಸಿದವು. ಎರಡೂ ಡಿಎಲ್ಎಲ್‌ಗಳ ಎಕ್ಸ್‌ಪೋರ್ಟ್ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು, ದಾಟಿಸಿದವನ್ನು ಹೊಡೆದುಹಾಕುತ್ತಾ ಬಂದರೆ ಅರ್ಧ ಗಂಟೆಯಲ್ಲಿ ಓದಬೇಕಾದ ಭಾಗ ಕೈಗೆ ಸಿಗುತ್ತದೆ. ಇಡೀ ವಿಶ್ಲೇಷಣೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ಹೆಜ್ಜೆ ಇನ್ನೊಂದಿಲ್ಲ.

ಇನ್ನು ಗುರಿ. 315-2 ಸಿಕ್ಕಿದರೆ ಸಾಲದು. ಪಿಎಲ್‌ಸಿಯ ಸಿಸ್ಟಮ್ ಡೇಟಾ ಬ್ಲಾಕ್ ಓದಿ, ಸಿಪಿ 342-5 ಎಂಬ ಪ್ರೊಫಿಬಸ್ (ಸಾಧನಗಳನ್ನು ಪಿಎಲ್‌ಸಿಗೆ ಜೋಡಿಸುವ ಜಾಲ) ಸಂವಹನ ಮಾಡ್ಯೂಲ್ ಇದೆಯೇ ಎಂದು ನೋಡುತ್ತದೆ. ಇದ್ದರೆ 7050 ಮತ್ತು 9500 ಎಂಬ ಎರಡು ಹೆಕ್ಸ್ ಸಂಖ್ಯೆಗಳು ಎಷ್ಟು ಸಲ ಬಂದಿವೆ ಎಂದು ಎಣಿಸುತ್ತದೆ. ಎರಡೂ ಸೇರಿ ಕನಿಷ್ಠ 33 ಆಗಬೇಕು. ಇಲ್ಲದಿದ್ದರೆ ಪಿಎಲ್‌ಸಿಯನ್ನು ಮುಟ್ಟದೆ ಬಿಡುತ್ತದೆ. ನಮ್ಮ ಬೆಂಚಿನಲ್ಲಿ ಸಿಪಿ 342-5 ಇಲ್ಲ, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಒಂದೂ ಇಲ್ಲ. ಜೋಡಿಸಿದರೂ ಏನೂ ಕಾಣದು ಎಂದದ್ದು ಇದಕ್ಕೇ.

ಈ 7050, 9500 ಏನೆಂದು ಸಿಮ್ಯಾಂಟೆಕ್ ತಂಡಕ್ಕೂ ಮೊದಲು ಹೊಳೆದಿರಲಿಲ್ಲ. ಅವರು ಬಹಿರಂಗವಾಗಿ ನೆರವು ಕೇಳಿದ ಮೇಲೆ ನೆದರ್‌ಲ್ಯಾಂಡ್ಸ್‌ನ ಒಬ್ಬ ಪ್ರೊಫಿಬಸ್ ತಜ್ಞರು ಸುಳಿವು ಕೊಟ್ಟರು: ಪ್ರೊಫಿಬಸ್ ಸಾಧನಕ್ಕೆಲ್ಲ ಒಂದು ಗುರುತಿನ ಸಂಖ್ಯೆ ಇರುತ್ತದೆ. ಆ ದಾರಿ ಹಿಡಿದು ಹೋದರೆ 9500 ಫಿನ್‌ಲ್ಯಾಂಡ್‌ನ ವಾಕಾನ್ ಕಂಪನಿಯ ಡ್ರೈವ್, 7050 ಇರಾನ್‌ನ ಫರಾರೋ ಪಾಯಾ ಕಂಪನಿಯ ಡ್ರೈವ್. 2010ರ ನವೆಂಬರ್‌ನಲ್ಲಿ ಇದು ಹೊರಬಂತು. ಡ್ರೈವ್ ಜೋಡಿಸುವಾಗ ಜಿಎಸ್‌ಡಿ ಫೈಲು (ಸಾಧನದ ವಿವರ ಇರುವ ಫೈಲು) ಹಾಕಿ ಗೊತ್ತಿರುವ ಯಾವ ಎಲೆಕ್ಟ್ರಿಷಿಯನ್ನನಿಗೂ ಈ ಗುರುತಿನ ಸಂಖ್ಯೆ ಹೊಸದಲ್ಲ. ಮೇಲೆ ಹೇಳಿದ ಆಧಾರ ಇದೇ.

ಫ್ರೀಕ್ವೆನ್ಸಿಯನ್ನೂ ಹಾಗೇ ಓದಬೇಕು. ಡ್ರೈವ್‌ಗಳು 807ರಿಂದ 1,210 ಹರ್ಟ್ಜ್ ನಡುವೆ ಓಡುತ್ತಿವೆಯೇ ಎಂದು ಕೋಡ್ ಸುಮಾರು 13 ದಿನ ಗಮನಿಸುತ್ತದೆ. ನಮ್ಮ ಗಿರಣಿ, ತೆಂಗಿನ ನಾರಿನ ಯಂತ್ರ, ಪಂಪು ಎಲ್ಲ 50 ಹರ್ಟ್ಜ್ ಆಸುಪಾಸಿನವು. ಎರಡು ಪೋಲಿನ ಮೋಟಾರು 50 ಹರ್ಟ್ಜ್‌ಗೆ ನಿಮಿಷಕ್ಕೆ 3,000 ಸುತ್ತು. 1,064 ಹರ್ಟ್ಜ್ ಕೊಟ್ಟರೆ ಲೆಕ್ಕದಲ್ಲಿ 63,840 ಸುತ್ತು. ಇಷ್ಟು ವೇಗ ಬೇಡುವ ಉದ್ಯಮಗಳು ಬೆರಳೆಣಿಕೆಯವು. 600 ಹರ್ಟ್ಜ್ ಮೀರುವ ಇಂಥ ಡ್ರೈವ್‌ಗಳ ರಫ್ತಿನ ಮೇಲೆ ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಹಿಡಿತವಿದೆ, ಯುರೇನಿಯಂ ಸಂವರ್ಧನೆಗೆ ಬಳಕೆಯಾಗಬಹುದು ಎಂಬ ಕಾರಣಕ್ಕೆ. ಗಮನಿಸುವ ಹಂತ ಮುಗಿದ ಮೇಲೆ ವೇಗವನ್ನು 1,410 ಹರ್ಟ್ಜ್‌ಗೆ 15 ನಿಮಿಷ ಏರಿಸುತ್ತದೆ. ನಂತರ ಸುಮಾರು 27 ದಿನ ಸುಮ್ಮನಿರುತ್ತದೆ. ಮುಂದಿನ ಸರದಿಯಲ್ಲಿ 2 ಹರ್ಟ್ಜ್‌ಗೆ ಇಳಿಸಿ, 50 ನಿಮಿಷ ಬಿಟ್ಟು, 1,064ಕ್ಕೆ ಮರಳಿಸುತ್ತದೆ. 417ಕ್ಕೆ ಬರೆದ ಕೋಡ್‌ನಲ್ಲಿ 164ರ ಆರು ಗುಂಪುಗಳ ಲೆಕ್ಕವಿದೆ, ಒಟ್ಟು 984. ಇರಾನ್‌ನ ಯುರೇನಿಯಂ ಸಂವರ್ಧನಾ ಸ್ಥಾವರ ನತಾಂಜ್‌ನ ಸೆಂಟ್ರಿಫ್ಯೂಜ್ (ಬಲು ವೇಗವಾಗಿ ತಿರುಗುವ ಯಂತ್ರ) ಸಾಲು ಒಂದರಲ್ಲಿ ಇದ್ದದ್ದು 164. ಇವೆಲ್ಲ ಕೂಡಿದಾಗ ಗುರಿಯ ಬಗ್ಗೆ ಅನುಮಾನ ಉಳಿಯುವುದಿಲ್ಲ. ಇದರಲ್ಲಿ ಯಾವುದೂ ಕೋಡ್‌ನಲ್ಲಿ ಬರೆದ ಹೆಸರಿನಿಂದ ಬಂದದ್ದಲ್ಲ, ಎಲ್ಲವೂ ಯಂತ್ರದ ಅಂಕಿಗಳು.

ದೀಪದ ಪ್ರಯೋಗ

ಸ್ಟಕ್ಸ್‌ನೆಟ್ ಪಿಎಲ್‌ಸಿಯ ಒಬಿ1 ಮತ್ತು ಒಬಿ35 ಬ್ಲಾಕ್‌ಗಳ (ಪಿಎಲ್‌ಸಿ ಮತ್ತೆ ಮತ್ತೆ ಓಡಿಸುವ ಬ್ಲಾಕ್‌ಗಳು) ತಲೆಗೆ ತನ್ನ ಕೋಡ್ ಅಂಟಿಸುತ್ತದೆ. ಅಂಟಿಸಿದ ಕೋಡ್ ಡಿಇಎಡಿಎಫ್007 ಎಂಬ ಹೆಕ್ಸ್ ಬೆಲೆ ಹಿಂದಿರುಗಿಸಿದರೆ ಕಾರ್ಖಾನೆಯ ಅಸಲಿ ಪ್ರೋಗ್ರಾಂ ಓಡುವುದೇ ಇಲ್ಲ. ಪ್ರೊಫಿಬಸ್‌ನಿಂದ ಡೇಟಾ ಪಡೆಯುವ ಎಫ್‌ಸಿ2 ಬ್ಲಾಕನ್ನು ಎಫ್‌ಸಿ1869ಕ್ಕೆ ನಕಲು ಮಾಡಿ, 2ರ ಜಾಗದಲ್ಲಿ ತನ್ನದನ್ನು ಇಡುತ್ತದೆ. ಇದರ ಪರಿಣಾಮ ಎಷ್ಟು ಮೌನವಾದದ್ದು ಎಂಬುದನ್ನು ಮಾಲ್‌ವೇರ್ ಇಲ್ಲದೆಯೇ ಮೇಜಿನ ಮೇಲೆ ನೋಡಬಹುದು.

ಹಾರ್ಡ್‌ವೇರ್ ಕಾನ್ಫಿಗ್‌ನಲ್ಲಿ ಕ್ಲಾಕ್ ಮೆಮೊರಿ ಬೈಟ್ 100 ಎಂದು ಕೊಡಿ. ಅದರ 5ನೇ ಬಿಟ್ ಸೆಕೆಂಡಿಗೊಮ್ಮೆ ಮಿನುಗುತ್ತದೆ. ಒಬಿ1ರಲ್ಲಿ ಎಸ್‌ಟಿಎಲ್ ಭಾಷೆಯಲ್ಲಿ ಆರೇ ಸಾಲು:

ಎಲ್ ಎಂಡಿ20
ಎಲ್ ಡಿಡಬ್ಲ್ಯು#16#ಡಿಇಎಡಿಎಫ್007
==ಡಿ
ಬಿಇಸಿ
ಎ ಎಂ100.5
= ಕ್ಯೂ0.0

ಅಂದರೆ ಎಂಡಿ20 ಎಂಬ ಮೆಮೊರಿ ಜಾಗದಲ್ಲಿ ಆ ಬೆಲೆ ಇದ್ದರೆ ಬಿಇಸಿ ಬ್ಲಾಕನ್ನು ಅಲ್ಲೇ ಮುಗಿಸುತ್ತದೆ, ಇಲ್ಲದಿದ್ದರೆ ಮಿನುಗುವ ಬಿಟ್ ದೀಪಕ್ಕೆ ಹೋಗುತ್ತದೆ. ಡೌನ್‌ಲೋಡ್ ಮಾಡಿ ರನ್‌ಗೆ ಹಾಕಿದರೆ ದೀಪ ಮಿನುಗುತ್ತದೆ. ವೇರಿಯೇಬಲ್ ಟೇಬಲ್ ತೆರೆದು ಎಂಡಿ20ಗೆ ಆ ಬೆಲೆ ಬರೆಯಿರಿ. ದೀಪ ಇದ್ದಲ್ಲೇ ನಿಲ್ಲುತ್ತದೆ: ಹತ್ತಿದ್ದರೆ ಹತ್ತಿಯೇ, ಆರಿದ್ದರೆ ಆರಿಯೇ. ಸಿಪಿಯುನ ರನ್ ದೀಪ ಹಸಿರಾಗಿಯೇ ಇರುತ್ತದೆ. ದೋಷ ತೋರಿಸುವ ಎಸ್‌ಎಫ್ ದೀಪ ಹತ್ತುವುದಿಲ್ಲ. ಡಯಾಗ್ನೋಸ್ಟಿಕ್ ಬಫರ್‌ನಲ್ಲಿ ಹೊಸ ನಮೂದು ಬೀಳುವುದಿಲ್ಲ. ಯಾಕೆಂದರೆ ಸಿಪಿಯು ದೃಷ್ಟಿಯಲ್ಲಿ ತಪ್ಪೇನೂ ಆಗಿಲ್ಲ. ಒಬಿ1 ಪ್ರತಿ ಸುತ್ತಿಗೂ ಬಿಇಸಿವರೆಗೆ ಬಂದು ಮುಗಿಯುತ್ತಿದೆ, ಔಟ್‌ಪುಟ್ ಚಿತ್ರದಲ್ಲಿ ಕೊನೆಯದಾಗಿ ಉಳಿದ ಬೆಲೆಯೇ ಮಾಡ್ಯೂಲಿಗೆ ಹೋಗುತ್ತಿದೆ. ದೀಪದ ಬದಲು ಒಂದು ವಾಲ್ವ್ ಇದ್ದರೆ ಏನಾದೀತು ಎಂದು ಪ್ಲಾಂಟ್‌ನಲ್ಲಿ ದುಡಿದವರಿಗೆ ಹೇಳಬೇಕಿಲ್ಲ. ಎಂಡಿ20ಗೆ 0 ಬರೆದರೆ ದೀಪ ಮತ್ತೆ ಮಿನುಗುತ್ತದೆ.

ಇನ್ನು ಪತ್ತೆ. ಸ್ಟೆಪ್ 7ನ "ಬ್ಲಾಕ್ ಹೋಲಿಸು" ಆಯ್ಕೆ ನಮ್ಮ ಆರು ಸಾಲನ್ನು ಕೂಡಲೇ ತೋರಿಸುತ್ತದೆ. ಸ್ಟಕ್ಸ್‌ನೆಟ್ ಇರುವ ಪಿಸಿಯಲ್ಲಿ ತೋರಿಸದು, ಓದುವ ದಾರಿಯೇ ಅದರ ಕೈಯಲ್ಲಿದೆ. ಆದ್ದರಿಂದ ಹೋಲಿಕೆ ಬೇರೆ ಪಿಸಿಯಿಂದ, ಬೇರೆ ಸಾಫ್ಟ್‌ವೇರ್‌ನಿಂದ ಆಗಬೇಕು. ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಎಸ್7 ಪಿಎಲ್‌ಸಿ ಜೊತೆ ಮಾತಾಡುವ ಸ್ನ್ಯಾಪ್7 ಲೈಬ್ರರಿ ಹಾಕಿ, ಪೈಥಾನ್‌ನಿಂದ ರ‍್ಯಾಕ್ 0, ಸ್ಲಾಟ್ 2 ಎಂದು ಕೊಟ್ಟು 102ನೇ ಪೋರ್ಟ್ ಮೂಲಕ ಸಿಪಿಯು ಮುಟ್ಟಬಹುದು. ಬ್ಲಾಕ್ ಪಟ್ಟಿ ಪಡೆದು ಒಂದೊಂದನ್ನೂ ಪೂರ್ಣ ಅಪ್‌ಲೋಡ್ ಮಾಡಿ ಫೈಲಾಗಿ ಉಳಿಸಿ, ಪ್ರತಿಯೊಂದರ ಎಸ್‌ಎಚ್‌ಎ-256 ತೆಗೆದಿಡಿ. ಬ್ಲಾಕ್ ಶುರುವಾಗುವುದು 7070 ಎಂಬ ಹೆಕ್ಸ್ ಗುರುತಿನಿಂದ, ಹಾಗೆ ಇಲ್ಲದಿದ್ದರೆ ಅಪ್‌ಲೋಡ್ ಅರ್ಧಕ್ಕೆ ನಿಂತಿದೆ. ಹೆಡರ್‌ನಲ್ಲಿರುವ ದಿನಾಂಕ 6 ಬೈಟ್: ಮೊದಲ 4 ಮಧ್ಯರಾತ್ರಿಯಿಂದ ಮಿಲಿಸೆಕೆಂಡ್, ಉಳಿದ 2 ಬೈಟ್ 1984ರ ಜನವರಿ 1ರಿಂದ ದಿನಗಳು. 2010ರ ಮಾರ್ಚ್ 1 ಎಂದರೆ 9,556, ಹೆಕ್ಸ್‌ನಲ್ಲಿ 2554. ಓದಲು ಅನುಮತಿ ಇಲ್ಲ ಎಂದು ಬಂದರೆ ಸಿಪಿಯು ಪ್ರೊಟೆಕ್ಷನ್ ಲೆವೆಲ್ 3ರಲ್ಲಿದೆ, ಪಾಸ್‌ವರ್ಡ್ ಬೇಕು.

ಇದನ್ನು ನಿಮ್ಮ ಬೆಂಚಿನ ಪಿಎಲ್‌ಸಿ ಮೇಲೆ ಮಾತ್ರ ಮಾಡಿ. ಇನ್ನೊಬ್ಬರ ಪ್ಲಾಂಟ್‌ನ ಕಂಟ್ರೋಲರ್ ಅನ್ನು ಲಿಖಿತ ಅನುಮತಿ ಇಲ್ಲದೆ ಓದುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಕಲಮಿನ ಅಡಿ ಬರುತ್ತದೆ.

ಮೂಲದ ನೋಟ್‌ಬುಕ್

ಈಗ ಮೊದಲ ಪ್ರಶ್ನೆ: ಬರೆದವರು ಯಾರು. ನೋಟ್‌ಬುಕ್ ಪುಟವನ್ನು ಮೂರು ಕಂಬವಾಗಿ ಗೆರೆ ಹಾಕಿ: ಕಂಡದ್ದು, ಅದರಿಂದ ಊಹಿಸಿದ್ದು, ಇದನ್ನು ನಕಲಿ ಮಾಡಲು ಎಷ್ಟು ಕಷ್ಟ. ಮೂರನೆಯ ಕಂಬ ತುಂಬದ ಸಾಲನ್ನು ಯಾರಿಗೂ ತೋರಿಸಬಾರದು.

ಮಿರ್ಟಸ್ ಎಂಬ ಫೋಲ್ಡರ್ ಹೆಸರು, ಗ್ವಾವಾ ಎಂಬ ಫೈಲ್ ಹೆಸರು ಡ್ರೈವರ್‌ನೊಳಗೆ ಉಳಿದಿವೆ. ಮಿರ್ಟಸ್‌ನಿಂದ ಯೆಹೂದಿ ಪುರಾಣದ ಎಸ್ತರ್ ರಾಣಿಗೆ ಹೋದವರುಂಟು. ರಿಮೋಟ್ ಟರ್ಮಿನಲ್ ಯುನಿಟ್‌ನ ಸಂಕ್ಷೇಪ ಆರ್‌ಟಿಯು, ಅದರ ಮುಂದೆ "ನನ್ನ" ಎಂಬರ್ಥದ ಇಂಗ್ಲಿಷ್ "ಮೈ" ಸೇರಿಸಿದರೂ ಅದೇ ಅಕ್ಷರ ಎಂದವರುಂಟು. ಗಿಡಗಳ ಹೆಸರಿಡುವ ರೂಢಿ ಇದ್ದರೆ ಇನ್ನೂ ಸರಳ: ಸೀಬೆ, ನೇರಳೆ, ಕೋಲಾರದ ಬಯಲಿನ ನೀಲಗಿರಿ ಎಲ್ಲವೂ ಮಿರ್ಟೇಸಿ ಕುಟುಂಬದವೇ. ಹೆಸರು ಹಿಡಿದು ಹೊರಟರೆ ಎಲ್ಲಿಗೆ ಬೇಕಾದರೂ ತಲುಪಬಹುದು. 1979ರ ಮೇ 9 ಎಂಬ ದಿನಾಂಕದಂತೆ ಕಾಣುವ 19790509 ಎಂಬ ಅಂಕಿಯೂ ಅಷ್ಟೇ. ಮೂರನೆಯ ಕಂಬದಲ್ಲಿ ಇವಕ್ಕೆ "ಸುಲಭ" ಎಂದು ಬರೆಯಿರಿ.

ಡ್ರೈವರ್‌ಗಳ ಮೇಲಿದ್ದ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳ ಡಿಜಿಟಲ್ ಸಹಿಗಳು ಅಸಲಿ, ಕದ್ದ ಕೀಲಿಯವು. 2010ರ ಜುಲೈನಲ್ಲಿ ರದ್ದಾದವು. ಎರಡೂ ಕಂಪನಿಗಳು ತೈವಾನ್‌ನ ಶಿಂಚು ವಿಜ್ಞಾನ ಪಾರ್ಕಿನಲ್ಲಿವೆ. ಇದು ಕದಿಯುವವರ ಸಾಮರ್ಥ್ಯ ಹೇಳುತ್ತದೆ, ಊರು ಹೇಳುವುದಿಲ್ಲ.

ಗಟ್ಟಿ ಸಾಕ್ಷಿ ಎಂದರೆ ಹಂಚಿಕೊಂಡ ಸೋರ್ಸ್ (ಕಂಪೈಲರ್ ಯಂತ್ರಭಾಷೆಗೆ ತಿರುಗಿಸುವ ಮೊದಲಿನ ಮೂಲ ಬರಹ). 2009ರ ಸ್ಟಕ್ಸ್‌ನೆಟ್‌ನಲ್ಲಿ 207 ಎಂಬ ರಿಸೋರ್ಸ್ ಇತ್ತು, 2010ರ ಆವೃತ್ತಿಯಲ್ಲಿ ಇಲ್ಲ. 2012ರಲ್ಲಿ ಫ್ಲೇಮ್ ಎಂಬ ಇನ್ನೊಂದು ಮಾಲ್‌ವೇರ್ ಸಿಕ್ಕ ಮೇಲೆ ಕ್ಯಾಸ್ಪರ್‌ಸ್ಕೀ ತಂಡ ಆ 207ರಲ್ಲಿ ಫ್ಲೇಮ್‌ನ ಕೋಡ್ ಗುರುತಿಸಿತು. 2011ರಲ್ಲಿ ಬುಡಾಪೆಸ್ಟ್‌ನ ಕ್ರಿಸಿಸ್ ಲ್ಯಾಬ್ ಕಂಡುಹಿಡಿದ ಡುಕು ಮಾಲ್‌ವೇರ್‌ನ ಡ್ರೈವರ್ ಸ್ಟಕ್ಸ್‌ನೆಟ್‌ನ ಎಂಆರ್‌ಎಕ್ಸ್‌ಸಿಎಲ್‌ಎಸ್ ಡ್ರೈವರ್‌ನ ತಮ್ಮನಂತಿದೆ. ಇಲ್ಲಿ ಕೇಳಬೇಕಾದ್ದು: ಬೈಟುಗಳು ಹಾಗೇ ನಕಲಾಗಿವೆಯೇ, ಅಥವಾ ಸೋರ್ಸ್ ತಿದ್ದಿ ಮತ್ತೆ ಕಂಪೈಲ್ ಮಾಡಿದ್ದೇ? ಬೈಟು ನಕಲು ಯಾರು ಬೇಕಾದರೂ ಮಾಡಬಹುದು. ಎರಡನೆಯದಕ್ಕೆ ಸೋರ್ಸ್ ಕೈಯಲ್ಲಿರಬೇಕು. ಎರಡು ಪ್ರೋಗ್ರಾಂ ಹೋಲಿಸುವ ಬಿನ್‌ಡಿಫ್‌ನಲ್ಲಿ ಫಂಕ್ಷನ್ ಆಕಾರ ಒಂದೇ ಇದ್ದು ರಿಜಿಸ್ಟರ್‌ಗಳು, ವಿಳಾಸಗಳು ಬೇರೆಯಾಗಿದ್ದರೆ ಮರುಕಂಪೈಲ್ ಎಂದು ಒಲವು ತೋರಿ. ಲೈಬ್ರರಿ ಫಂಕ್ಷನ್‌ಗಳನ್ನು ಮೊದಲೇ ತೆಗೆದುಹಾಕಿ, ಇಲ್ಲದಿದ್ದರೆ ಒಂದೇ ಕಂಪೈಲರ್ ಬಳಸಿದ ಎಲ್ಲ ಪ್ರೋಗ್ರಾಂಗಳೂ ನೆಂಟರಂತೆ ಕಾಣುತ್ತವೆ.

ಮೋಸ ಹೇಗಿರುತ್ತದೆ ಎಂದು ತಿಳಿಯಲು 2018ರ ಫೆಬ್ರವರಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ಮೇಲೆ ಬಿದ್ದ ಒಲಿಂಪಿಕ್ ಡಿಸ್ಟ್ರಾಯರ್ ಎಂಬ ಮಾಲ್‌ವೇರ್ ಒಳ್ಳೆಯ ಪಾಠ. ವಿಂಡೋಸ್ ಫೈಲಿನಲ್ಲಿ ಡಾಸ್ ಸ್ಟಬ್ ಮತ್ತು ಪಿಇ ಹೆಡರ್ ಎಂಬ ಆರಂಭದ ಭಾಗಗಳ ನಡುವೆ ರಿಚ್ ಹೆಡರ್ ಇರುತ್ತದೆ, ಯಾವ ಕಂಪೈಲರ್ ಎಷ್ಟು ಸಲ ಬಳಕೆಯಾಯಿತು ಎಂಬ ಲೆಕ್ಕ. ಒಲಿಂಪಿಕ್ ಡಿಸ್ಟ್ರಾಯರ್‌ನ ರಿಚ್ ಹೆಡರ್ ಉತ್ತರ ಕೊರಿಯಾಕ್ಕೆ ಜೋಡಿಸಲಾಗುವ ಲಾಜರಸ್ ಗುಂಪಿನದಕ್ಕೆ ತಾಳೆಯಾಯಿತು. ಹೆಡರ್ ಹೇಳಿದ್ದು ವಿಷುಯಲ್ ಸ್ಟುಡಿಯೋ 6. ಆದರೆ ಕೋಡ್‌ನೊಳಗೆ ಎಂಎಸ್‌ಕೋರ್‌ಇಇ ಎಂಬ ಡಿಎಲ್ಎಲ್‌ನ ಉಲ್ಲೇಖವಿತ್ತು, ಅದು ಆ ಕಾಲದ ಕಂಪೈಲರ್‌ನಲ್ಲಿ ಬರಲಾರದು. ಹೆಡರನ್ನು ಎತ್ತಿ ತಂದು ಅಂಟಿಸಿದ್ದರು. 2020ರ ಅಕ್ಟೋಬರ್‌ನಲ್ಲಿ ಅಮೆರಿಕ ಇದರ ಆರೋಪವನ್ನು ರಷ್ಯದ ಸೇನಾ ಗುಪ್ತಚರದ ಆರು ಅಧಿಕಾರಿಗಳ ಮೇಲೆ ಹೊರಿಸಿತು. ರಿಚ್ ಹೆಡರ್‌ಗೆ ಚೆಕ್‌ಸಮ್ ಇದೆ, ಅದು ಸರಿಬಂದರೆ ಅಸಲಿ ಎಂದುಕೊಳ್ಳಬೇಡಿ. ಡಾಸ್ ಭಾಗ ಒಂದೇ ಆಗಿದ್ದರೆ ಕದ್ದ ಹೆಡರ್‌ನ ಚೆಕ್‌ಸಮ್ಮೂ ಸರಿಯಾಗಿಯೇ ಬರುತ್ತದೆ. ಹೆಡರ್ ಹೇಳುವ ಕಂಪೈಲರ್‌ಗೂ ಕೋಡ್‌ನ ರನ್‌ಟೈಮ್ ಗುರುತುಗಳಿಗೂ ಹೊಂದಿಕೆ ಇದೆಯೇ ಎಂದೇ ನೋಡಬೇಕು.

ಸ್ಟಕ್ಸ್‌ನೆಟ್ ಅಮೆರಿಕ ಮತ್ತು ಇಸ್ರೇಲ್‌ನದು ಎಂದು 2012ರಲ್ಲಿ ಪತ್ರಿಕಾ ವರದಿಗಳು ಬಂದದ್ದು ಅಧಿಕಾರಿಗಳ ಮಾತಿನಿಂದ, ಡಿಸ್‌ಅಸೆಂಬ್ಲಿಯಿಂದಲ್ಲ (ಕೋಡ್ ಬಿಚ್ಚಿ ಓದಿದ್ದರಿಂದಲ್ಲ). ಬೆಂಚಿನ ವರದಿಯಲ್ಲಿ ಆ ಸಾಲು ಬರೆಯುವುದಾದರೆ ಅದು ಪತ್ರಿಕೆಯ ಮಾತು ಎಂದು ಗುರುತು ಹಾಕಿಯೇ ಬರೆಯಬೇಕು.

ನಮ್ಮ ನೆಲದ ಉದಾಹರಣೆ 2019ರ ಕೂಡಂಕುಳಂ ಅಣುವಿದ್ಯುತ್ ಸ್ಥಾವರದ್ದು. ಅಲ್ಲಿ ಸಿಕ್ಕ ಡಿಟ್ರ್ಯಾಕ್ ಎಂಬ ಮಾಲ್‌ವೇರ್ ಸ್ಯಾಂಪಲ್‌ನಲ್ಲಿ ಸ್ಥಾವರದ ಒಳ ನೆಟ್‌ವರ್ಕ್‌ನ ಡೊಮೇನ್ ಹೆಸರು ಮೊದಲೇ ಬರೆದಿತ್ತು. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ಸೆಪ್ಟೆಂಬರ್ 4ರಂದು ತಿಳಿಸಿತ್ತೆಂದೂ, ಸೋಂಕಾದದ್ದು ಆಡಳಿತ ಕೆಲಸದ ನೆಟ್‌ವರ್ಕ್‌ನಲ್ಲಿದ್ದ ಪಿಸಿ ಎಂದೂ, ನಿಯಂತ್ರಣ ವ್ಯವಸ್ಥೆಗೆ ತೊಂದರೆಯಾಗಿಲ್ಲವೆಂದೂ ಅಣುವಿದ್ಯುತ್ ನಿಗಮ ಅಕ್ಟೋಬರ್ 30ರಂದು ಹೇಳಿತು. ಇಲ್ಲೂ ಮೊದಲ ಕಂಬದಲ್ಲಿ ಗಟ್ಟಿಯಾಗಿ ಕೂರುವುದು ಗುರಿಯ ವಿವರವೇ.

ಪ್ಲಾಂಟ್‌ನಲ್ಲಿ ನಿಜಕ್ಕೂ ತಾಳೆ ತಪ್ಪಿದರೆ

ಬ್ಲಾಕ್‌ಗಳ ಹ್ಯಾಷ್ ಹಳೆಯ ಪಟ್ಟಿಗೆ ಹೊಂದದಿದ್ದರೆ ಮೊದಲು ಶಿಫ್ಟ್‌ನವರನ್ನು ಕೇಳಿ, ಬಹುಪಾಲು ಸಲ ಯಾರೋ ಟೈಮರ್ ತಿದ್ದಿ ಆಫ್‌ಲೈನ್ ಪ್ರಾಜೆಕ್ಟ್‌ಗೆ ಉಳಿಸಿರುವುದಿಲ್ಲ. ಅದಲ್ಲ ಎಂದು ಖಚಿತವಾದರೆ ಪ್ರಾಜೆಕ್ಟನ್ನು ಮರು ಡೌನ್‌ಲೋಡ್ ಮಾಡಲು ಧಾವಿಸಬೇಡಿ, ಸಾಕ್ಷಿ ಅಳಿಸಿಹೋಗುತ್ತದೆ. ಪ್ರಕ್ರಿಯೆಯನ್ನು ಕೈನಿಯಂತ್ರಣಕ್ಕೆ ತಂದು ಸುರಕ್ಷಿತವಾಗಿ ನಿಲ್ಲಿಸಿ. ಸಿಪಿಯು ದೀಪಗಳ ಫೋಟೋ ತೆಗೆಯಿರಿ. ಸಿಪಿಯುಗೆ ಕರೆಂಟ್ ತೆಗೆಯುವ ಮೊದಲೇ ಡಯಾಗ್ನೋಸ್ಟಿಕ್ ಬಫರ್ ಉಳಿಸಿ, ಸಿಸ್ಟಮ್ ಡೇಟಾ ಬ್ಲಾಕ್ ಸೇರಿ ಎಲ್ಲ ಬ್ಲಾಕ್ ಅಪ್‌ಲೋಡ್ ಮಾಡಿ. ಎಂಜಿನಿಯರಿಂಗ್ ಪಿಸಿಯ ನೆಟ್‌ವರ್ಕ್ ಕೇಬಲ್ ಎಳೆಯಿರಿ, ಪಿಸಿ ಆಫ್ ಮಾಡಬೇಡಿ, ಮೆಮೊರಿಯಲ್ಲಿರುವುದು ಹೋಗುತ್ತದೆ. 2022ರ ಏಪ್ರಿಲ್ 28ರ ನಿರ್ದೇಶನದಂತೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸಬೇಕು. ಗಡಿಯಾರ ಶುರುವಾಗುವುದು ಘಟನೆ ಗಮನಕ್ಕೆ ಬಂದ ಕ್ಷಣದಿಂದ, ಆದ್ದರಿಂದ ತಾಳೆ ತಪ್ಪಿದ ಹೊತ್ತನ್ನು ನೋಟ್‌ಬುಕ್‌ನ ಮೊದಲ ಸಾಲಿನಲ್ಲೇ ಬರೆಯಿರಿ.